ಮೆಚ್ಚುಗೆಯ ಮಾತು ಕಲಿಸಲು ಐದು ದಾರಿ: ತುಮಕೂರು ಕಡೆಯ ತರಗತಿಗಳಿಗೆ ಯಾವುದು ಸರಿ?

ಆರನೇ ತರಗತಿಯ ಮಗುವಿಗೆ "ನಿನ್ನ ಗೆಳತಿ ಬಿಟ್ಟ ರಂಗೋಲಿ ಹೇಗಿದೆ?" ಅಂತ ಕೇಳಿ ನೋಡಿ. "ಸೂಪರ್ ಮಿಸ್" ಅನ್ನುತ್ತದೆ. ಕಬಡ್ಡಿ ಹೇಗಿತ್ತು? ಸೂಪರ್. ಬಿಸಿಯೂಟ? ಸೂಪರ್. ಸಿದ್ಧಗಂಗೆ ಜಾತ್ರೆ? ಅದೂ ಸೂಪರ್, ಇಲ್ಲಾಂದ್ರೆ ಸಖತ್. ಮಗುವಿಗೆ ಮೆಚ್ಚುಗೆ ಇಲ್ಲ ಅಂತಲ್ಲ. ಮುಖ ಅರಳಿರುತ್ತದೆ. ಹೇಳೋಕೆ ಬೇರೆ ಪದ ಕೈಗೆ ಸಿಗುವುದಿಲ್ಲ ಅಷ್ಟೆ.

ಅದೇ ಮಗು ನಾಲ್ಕು ವರ್ಷ ಬಿಟ್ಟು ಪರೀಕ್ಷೆಯಲ್ಲಿ ಅಭಿನಂದನಾ ಪತ್ರ ಬರೆಯಲು ಕೂತರೆ ಕಥೆಯೇ ಬೇರೆ. "ತಮ್ಮ ಅಮೋಘ ಸಾಧನೆಯು ಶ್ಲಾಘನೀಯವೂ ಪ್ರಶಂಸನೀಯವೂ ಅನುಕರಣೀಯವೂ ಆಗಿದೆ" ಎಂಬ ಸಾಲು ಬೀಳುತ್ತದೆ. ಯಾರು, ಏನು ಮಾಡಿದರು, ಅದರಲ್ಲಿ ಮೆಚ್ಚುವಂಥದ್ದು ಏನು? ಪತ್ರ ಪೂರ್ತಿ ಓದಿದರೂ ಸಿಗುವುದಿಲ್ಲ. ಗೈಡಿನಿಂದ ನೇರ ಇಳಿದ ಸಾಲು ಅದು.

ಎರಡೂ ಕಡೆ ತೊಂದರೆ ಒಂದೇ ಅಂತ ನನಗೆ ಅನಿಸುತ್ತದೆ. ಪದ ಇದೆ, ಅದರ ಹಿಂದೆ ಕಾರಣ ಇಲ್ಲ. ಹಾಗಾಗಿ ಈ ಪದಗಳನ್ನು ಕಲಿಸುವ ಐದು ದಾರಿಗಳನ್ನು ಇಲ್ಲಿ ಒಂದೇ ಪ್ರಶ್ನೆ ಹಿಡಿದು ನೋಡಿದ್ದೇನೆ: ಈ ದಾರಿಯಲ್ಲಿ ಹೋದ ಮಗು ಮೆಚ್ಚುಗೆಯ ಜೊತೆಗೆ "ಯಾಕೆಂದರೆ" ಅಂತ ಹೇಳಲು ಕಲಿಯುತ್ತದಾ? ಸಮಯ ಎಷ್ಟು ಹಿಡಿಯುತ್ತದೆ, ದೊಡ್ಡ ತರಗತಿಗೆ ಆಗುತ್ತದಾ ಅನ್ನುವುದೆಲ್ಲ ಅದರ ನಂತರದ ಮಾತು.

ಪದಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದು

ಎಲ್ಲರಿಗೂ ಗೊತ್ತಿರುವ ದಾರಿ. ಬೋರ್ಡಿನ ಮೇಲೆ "ಹೊಗಳು: ಸಮಾನಾರ್ಥಕ ಪದಗಳು" ಅಂತ ಬರೆದು, ಮೆಚ್ಚು, ಕೊಂಡಾಡು, ಪ್ರಶಂಸಿಸು, ಶ್ಲಾಘಿಸು, ಅಭಿನಂದಿಸು ಅಂತ ಸಾಲಾಗಿ ಹಾಕುವುದು. ಒಂದು ಪಿರಿಯಡ್ ಸಾಕು. ಖರ್ಚಿಲ್ಲ. ಅರವತ್ತು ಮಕ್ಕಳಿದ್ದರೂ ನಡೆಯುತ್ತದೆ. ಕಾಗುಣಿತಕ್ಕಂತೂ ಇದು ಬೇಕೇ ಬೇಕು. 'ಶ್ಲಾಘನೆ'ಯ ಘಕಾರ ಬಿಟ್ಟು 'ಸ್ಲಾಗನೆ' ಅನ್ನುವವರು, 'ಪ್ರಶಂಸೆ'ಯಲ್ಲಿ ಶ, ಸ ಎರಡನ್ನೂ ಅದಲುಬದಲು ಮಾಡಿ 'ಪ್ರಸಂಶೆ' ಬರೆಯುವವರು ಪ್ರತಿ ತರಗತಿಯಲ್ಲೂ ಇದ್ದಾರೆ. ಕಣ್ಣಿಗೆ ಬಿದ್ದು, ಕೈಯಿಂದ ಬರೆದರೇ ಅದು ಸರಿಹೋಗುವುದು.

ಆದರೆ ಒಂದೇ ಅರ್ಥದ ಹೊಸ ಪದಗಳನ್ನು ಒಂದೇ ದಿನ ಒಟ್ಟಿಗೆ ಕೊಡುವುದರಲ್ಲಿ ಒಂದು ತೊಡಕಿದೆ. ಥಾಮಸ್ ಟಿಂಕಮ್ ಎಂಬ ಸಂಶೋಧಕರು 1993ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಒಂದೇ ಜಾತಿಯ ಪದಗಳ ಗುಂಪನ್ನು ಕಲಿಯಲು, ಸಂಬಂಧವೇ ಇಲ್ಲದ ಪದಗಳನ್ನು ಕಲಿಯುವುದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. 1997ರಲ್ಲಿ ರಾಬ್ ವಾರಿಂಗ್ ಜಪಾನಿ ಮಾತಾಡುವವರ ಜೊತೆ ಅದೇ ಪ್ರಯೋಗ ಮಾಡಿದಾಗಲೂ ಹೀಗೇ ಆಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಹತ್ತಿರದ ಪದಗಳು ತಲೆಯಲ್ಲಿ ಒಂದನ್ನೊಂದು ತಳ್ಳಾಡುತ್ತವೆ. ಅದೇ ವರ್ಷ ಟಿಂಕಮ್ ಇನ್ನೊಂದು ಪ್ರಯೋಗವನ್ನೂ ಪ್ರಕಟಿಸಿದರು. ಒಂದೇ ಸನ್ನಿವೇಶಕ್ಕೆ ಸೇರಿದ ಬೇರೆ ಬೇರೆ ಪದಗಳನ್ನು ಒಟ್ಟಿಗೆ ಕೊಟ್ಟರೆ ಕಲಿಕೆ ಸಲೀಸಾಗುತ್ತದೆ ಅಂತ ಅದರಲ್ಲಿ ಕಂಡುಬಂತು. ಅಂದರೆ 'ಹೊಗಳು'ವಿನ ಐದು ರೂಪಗಳಿಗಿಂತ, ಒಬ್ಬ ತಾಯಿ ಬೆಳಗಿನ ಕೆಲಸ ಮಾಡುವುದನ್ನು ಕಂಡು ಹೇಳುವ ಅಚ್ಚುಕಟ್ಟು, ತಾಳ್ಮೆ, ಚುರುಕು ಎಂಬ ಮೂರು ಪದಗಳು ಬೇಗ ನಿಲ್ಲುತ್ತವೆ. ಈ ಪ್ರಯೋಗಗಳು ಹೊಸ ಭಾಷೆಯ ಪದ ಕಲಿಯುವವರ ಬಗ್ಗೆ ಇದ್ದವು. ಮನೆಯಲ್ಲಿ ತೆಲುಗೋ ಉರ್ದುವೋ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ, ಯೋಚಿಸಿ.

ಇನ್ನೊಂದು ತೊಂದರೆ, ಪಟ್ಟಿ ಎಲ್ಲವನ್ನೂ ಒಂದೇ ಅನ್ನುತ್ತದೆ. ಒಂದೇ ಅಲ್ಲ. ಮೆಚ್ಚುವುದು ಮನಸ್ಸಿನೊಳಗೇ ನಡೆಯಬಹುದು, ಒಂದು ಮಾತೂ ಆಡದೆ ಮೆಚ್ಚಬಹುದು. ಹೊಗಳಲು ಬಾಯಿ ಬೇಕು. ಕೊಂಡಾಡಲು ನಾಲ್ಕು ಜನ ಬೇಕು, "ಊರೆಲ್ಲ ಕೊಂಡಾಡಿತು" ಅನ್ನುತ್ತೇವೆ. ಶ್ಲಾಘಿಸುವುದು ವೇದಿಕೆಯ ಮಾತು, ಪತ್ರಿಕೆಯ ಮಾತು. "ಅಜ್ಜಿ ಮಾಡಿದ ಮುದ್ದೆ ಬಸ್ಸಾರನ್ನು ಮೊಮ್ಮಗ ಶ್ಲಾಘಿಸಿದನು" ಎಂಬ ವಾಕ್ಯದಲ್ಲಿ ವ್ಯಾಕರಣ ಸರಿ ಇದೆ, ಆದರೂ ಕಿವಿ ಒಪ್ಪುವುದಿಲ್ಲ. ಇನ್ನು ಶಭಾಷ್, ಭೇಷ್ ಮೇಲಿನಿಂದ ಕೆಳಗೆ ಇಳಿಯುವ ಮಾತುಗಳು. ದೊಡ್ಡವರು ಚಿಕ್ಕವರಿಗೆ ಹೇಳಬಹುದು. ಮಗು ಎದ್ದು ನಿಂತು ಹೆಡ್ ಮೇಷ್ಟ್ರಿಗೆ "ಶಭಾಷ್ ಸರ್" ಅಂದರೆ ಎಲ್ಲರೂ ತಿರುಗಿ ನೋಡುತ್ತಾರೆ. ಬೆನ್ನು ತಟ್ಟುವುದೂ ಹಾಗೆಯೇ. ತಲೆದೂಗುವುದಕ್ಕೆ ಮಾತ್ರ ಮೇಲು ಕೆಳಗಿಲ್ಲ, ಹಾಡು ಚೆನ್ನಾಗಿದ್ದರೆ ಯಾರು ಯಾರಿಗೆ ಬೇಕಾದರೂ ತಲೆದೂಗಬಹುದು. ಯಾರು ಯಾರಿಗೆ ಹೇಳಬಹುದು ಎಂಬ ಈ ತಿಳಿವಳಿಕೆ ಯಾವ ಪದಪಟ್ಟಿಯಲ್ಲೂ ಇರುವುದಿಲ್ಲ.

ಹಾಗಂತ ಪಟ್ಟಿ ಬೇಡ ಅನ್ನುತ್ತಿಲ್ಲ. ಅದನ್ನು ಕೊನೆಗೆ ಇಡಿ. ಮಕ್ಕಳು ಬಳಸಿ ಬಳಸಿ ಪರಿಚಯ ಆದ ಪದಗಳನ್ನು ತಿಂಗಳ ಕೊನೆಗೆ ಒಂದು ಹಾಳೆಯ ಮೇಲೆ ಒಟ್ಟು ಮಾಡಿ ಕಾಗುಣಿತ ತಿದ್ದಿಸಿ. ಆಗ ಪಟ್ಟಿ ಒಳ್ಳೆಯ ಕೆಲಸ ಮಾಡುತ್ತದೆ.

ಮೆಟ್ಟಿಲು ಕಟ್ಟುವುದು

ನೆಲದ ಮೇಲೆ ಸೀಮೆಸುಣ್ಣದಲ್ಲಿ ಆರು ಮೆಟ್ಟಿಲು ಬರೆಯುವುದು. ಚೀಟಿಗಳಲ್ಲಿ ಪರವಾಗಿಲ್ಲ, ಚೆನ್ನಾಗಿದೆ, ಸೊಗಸಾಗಿದೆ, ಬಹಳ ಸೊಗಸು, ಅದ್ಭುತ, ಅಸಾಧಾರಣ ಅಂತ ಬರೆದು, ಯಾವುದು ಎಲ್ಲಿ ಕೂರಬೇಕು ಅಂತ ಮಕ್ಕಳೇ ವಾದ ಮಾಡಿ ಇಡುವುದು. ಸೂಪರ್ ಎಂಬ ಒಂದೇ ಪದದಲ್ಲಿ ಸಿಕ್ಕಿಕೊಂಡ ಮಕ್ಕಳಿಗೆ ಇದರಷ್ಟು ಬೇಗ ಕಣ್ಣು ತೆರೆಸುವ ಆಟ ಇನ್ನೊಂದಿಲ್ಲ. 'ಪರವಾಗಿಲ್ಲ' ಎಲ್ಲಿಡಬೇಕು ಎಂಬುದರ ಮೇಲೆ ಜಗಳ ಆಗಿಯೇ ಆಗುತ್ತದೆ. ಯಾಕೆಂದರೆ ನಮ್ಮ ಕಡೆ ಅಪ್ಪಂದಿರು ಮಾರ್ಕ್ಸ್ ಕಾರ್ಡ್ ನೋಡಿ ಹುಬ್ಬೇರಿಸಿ "ಪರವಾಗಿಲ್ವೇ!" ಅಂದರೆ ಅದು ಐದನೇ ಮೆಟ್ಟಿಲಿನ ಮಾತು. ಬರೀ "ಪರವಾಗಿಲ್ಲ" ಅಂದರೆ ಮೊದಲನೆಯದು. ಆ ಜಗಳ ಆಗಲಿ ಬಿಡಿ, ಪಾಠ ಅಲ್ಲೇ ಇದೆ.

ಕಾಲು ಗಂಟೆಯ ಆಟ ಇದು. ಆದರೆ ಮೆಟ್ಟಿಲು ಹೇಳುವುದು ಎಷ್ಟು ಚೆನ್ನಾಗಿದೆ ಅಂತ ಮಾತ್ರ. ಯಾವುದರಲ್ಲಿ ಚೆನ್ನ ಅಂತ ಹೇಳುವುದಿಲ್ಲ. ಅದಕ್ಕೇ ಮೆಟ್ಟಿಲಾದ ಮಾರನೇ ದಿನ ಇನ್ನೊಂದು ಸುತ್ತು ಬೇಕು: ಹಾಡಿಗೆ ಇಂಪು, ಹೂವಿಗೆ ಕಂಪು, ಕೆಲಸಕ್ಕೆ ಅಚ್ಚುಕಟ್ಟು, ಕೈಗೆ ನಾಜೂಕು, ಬುದ್ಧಿಗೆ ಚುರುಕು, ನಡೆಗೆ ದಿಟ್ಟತನ, ಮನಸ್ಸಿಗೆ ಉದಾರ. "ಅವಳ ಕಂಠ ಅಚ್ಚುಕಟ್ಟಾಗಿದೆ" ಅಂತ ಯಾರಾದರೂ ಅಂದರೆ ತರಗತಿಯೇ ತಿದ್ದುತ್ತದೆ.

ಒಂದು ಎಚ್ಚರಿಕೆ. ಮೆಟ್ಟಿಲ ಮೇಲೆ ಊಟ, ಸಿನಿಮಾ, ಆಟ, ಊರು ಇಡಿ. ಮಕ್ಕಳನ್ನು ಇಡಬೇಡಿ. ನೀನು ಮೂರನೇ ಮೆಟ್ಟಿಲು, ಅವನು ಆರನೇದು ಅಂತ ಒಮ್ಮೆ ಆಯಿತೆಂದರೆ ಆ ಮಗುವಿಗೆ ಆಟದ ಮೇಲೂ ಪದದ ಮೇಲೂ ಮನಸ್ಸು ಮುರಿಯುತ್ತದೆ.

ಮನೆಯಿಂದ ಪದ ತರುವುದು

ಪಾವಗಡದಲ್ಲಿ ಪಾಠ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಮುಳಬಾಗಿಲು ಕಡೆಯವರಿಗೂ ಅಷ್ಟೆ. ಅಲ್ಲಿ ಬಹಳ ಮಕ್ಕಳ ಮನೆಮಾತು ತೆಲುಗು. ಅವರ ಮೆಚ್ಚುಗೆ ಮೊದಲು ಹುಟ್ಟುವುದು ತೆಲುಗಿನಲ್ಲಿ. "ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡಿದಾಗ ದೊಡ್ಡವರು ಏನಂತಾರೆ? ಕೇಳಿ ಬರೆದುಕೊಂಡು ಬಾ" ಅಂದರೆ ಬಾಗುಂದಿ, ಭಲೇ, ಶಭಾಷ್ ಬರುತ್ತವೆ. ಉರ್ದು ಮನೆಗಳಿಂದ ವಾಹ್, ಶಾಬಾಶ್ ಬರುತ್ತವೆ. ಶಭಾಷ್ ಪಾರಸಿಯಿಂದ ಬಂದು ಎಲ್ಲರ ಮನೆಯಲ್ಲೂ ಉಳಿದ ಪದ. ಮೂರು ಭಾಷೆಯ ಮಕ್ಕಳನ್ನು ಒಂದೇ ಬೆಂಚಿಗೆ ತರಲು ಅದೊಂದೇ ಸಾಕು.

ಕನ್ನಡದ ಮನೆಗಳಿಂದ ಬರುವುದು ಬಿಡಿ ಪದಗಳಿಗಿಂತ ಜಾಸ್ತಿ ಮಾತಿನ ವರಸೆಗಳು. "ನಿನ್ನ ಹೊಟ್ಟೆ ತಣ್ಣಗಿರಲಿ." "ಕೈಗುಣ ಒಳ್ಳೇದು." "ಅವನಿಗೆ ಕೈಯೆತ್ತಿ ಮುಗಿಯಬೇಕು." ಕೆಲವು ಮಕ್ಕಳು ಖಾಲಿ ಹಾಳೆ ತರುತ್ತಾರೆ. ನಮ್ಮ ಅಜ್ಜಿ ಹೊಗಳುವುದೇ ಇಲ್ಲ, ದೃಷ್ಟಿ ಆಗುತ್ತೆ ಸುಮ್ನಿರು ಅಂತಾರೆ, ಅನ್ನುತ್ತಾರೆ. ಆ ಮಗುವನ್ನು ಕೇಳಿ: ನೀನು ಹೊಸ ಬಟ್ಟೆ ಹಾಕಿಕೊಂಡು ಬಂದಾಗ ಅಜ್ಜಿ ಏನು ಮಾಡುತ್ತಾರೆ? ಎರಡು ಕೈ ಚಾಚಿ ಕೆನ್ನೆ ಸವರಿ, ತಮ್ಮ ಕಣತಲೆಗೆ ಒತ್ತಿ ನೆಟಿಗೆ ಮುರಿಯುತ್ತಾರೆ. ಅದು ಮೆಚ್ಚುಗೆಯೇ ಅಲ್ವಾ? ಮೆಚ್ಚುಗೆಗೂ ಹೊಗಳಿಕೆಗೂ ಇರುವ ಅಂತರ ಆ ಮಗುವಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ದಾರಿಯಲ್ಲಿ ಬರಹದ ಭಾಷೆ ಬೆಳೆಯುವುದಿಲ್ಲ, ಅದೊಂದೇ ಕೊರತೆ. ಶುರು ಮಾಡಲು ಒಳ್ಳೆಯದು, ಇಲ್ಲೇ ನಿಲ್ಲಬಾರದು.

ಮೆಚ್ಚುಗೆ ಚೀಟಿ

ಐದು, ಆರು, ಏಳನೇ ತರಗತಿಗೆ ಒಂದೇ ಒಂದು ದಾರಿ ಆರಿಸಿ ಅಂದರೆ ನಾನು ಇದನ್ನು ಆರಿಸುತ್ತೇನೆ.

ಸೋಮವಾರ ಎಲ್ಲರ ಹೆಸರಿನ ಚೀಟಿ ಡಬ್ಬಿಗೆ ಹಾಕಿ ಒಬ್ಬೊಬ್ಬರೂ ಒಂದೊಂದು ಎತ್ತಬೇಕು. ಯಾರ ಹೆಸರು ಬಂತು ಅಂತ ಹೇಳಬಾರದು. ಆ ವಾರ ಪೂರ್ತಿ ಆ ಗೆಳೆಯನನ್ನೋ ಗೆಳತಿಯನ್ನೋ ಗಮನಿಸಬೇಕು. ಶನಿವಾರ ಬೆಳಗಿನ ಶಾಲೆಯಲ್ಲಿ ಎರಡು ಸಾಲು ಬರೆದು ಕೊಡಬೇಕು. ಮೊದಲ ಸಾಲಿನಲ್ಲಿ ಕಣ್ಣಾರೆ ಕಂಡ ಒಂದು ಕೆಲಸ. ಎರಡನೇ ಸಾಲಿನಲ್ಲಿ ಅದಕ್ಕೆ ಹೊಂದುವ ಒಂದು ಪದ, ಗೋಡೆಯ ಮೇಲಿರುವ ಪದಗಳಲ್ಲಿ ಆರಿಸಿದ್ದು. ಸೂಪರ್, ಸಖತ್ ಎರಡಕ್ಕೂ ಶನಿವಾರ ಮಾತ್ರ ರಜೆ.

ಚೀಟಿ ಹೀಗಿರಬಹುದು: "ಬುಧವಾರ ನಲ್ಲಿಯಲ್ಲಿ ನೀರು ಬರಲಿಲ್ಲ. ನೀನು ಬೋರ್‌ವೆಲ್‌ನಿಂದ ಬಕೆಟ್ ತಂದು, ಒಂದನೇ ಕ್ಲಾಸಿನ ಮಕ್ಕಳಿಗೆ ಮೊದಲು ಕೈ ತೊಳೆಸಿದೆ. ನಿನ್ನದು ಉದಾರ ಮನಸ್ಸು." ಇನ್ನೊಂದು: "ಲೆಕ್ಕ ಮೂರು ಸಲ ತಪ್ಪಾದರೂ ನೀನು ಪುಸ್ತಕ ಮುಚ್ಚಲಿಲ್ಲ. ನಿನ್ನ ಛಲ ನನಗೆ ಇಷ್ಟ ಆಯಿತು." ಉದಾರ, ಛಲ ಎಂಬ ಪದಗಳ ಅರ್ಥವನ್ನು ಆಮೇಲೆ ಪ್ರಶ್ನೆ ಕೇಳಿ ಪರೀಕ್ಷಿಸಬೇಕಾಗಿಲ್ಲ. ಮೇಲಿನ ಸಾಲೇ ಅರ್ಥ. ಚೀಟಿ ಬರೆದ ಮಗುವೂ ಓದಿದ ಮಗುವೂ ಆ ಪದವನ್ನು ಮರೆಯುವುದಿಲ್ಲ, ಯಾಕೆಂದರೆ ಅದು ಅವರಿಬ್ಬರ ನಡುವೆ ನಡೆದದ್ದಕ್ಕೆ ಅಂಟಿಕೊಂಡಿದೆ.

ಗೋಡೆಗೆ ವಾರಕ್ಕೆ ಐದು ಹೊಸ ಪದ ಸಾಕು. ಐದೂ ಬೇರೆ ಬೇರೆ ಕಡೆಯಿಂದ ಬರಲಿ: ಕೆಲಸದ್ದು ಒಂದು, ಮನಸ್ಸಿನದು ಒಂದು, ಮಾತಿನದು ಒಂದು, ಆಟದ್ದು ಒಂದು, ಕಲಿಕೆಯದು ಒಂದು. ಓರಣ, ಕರುಣೆ, ಹಿತ, ಚಾಕಚಕ್ಯತೆ, ಶ್ರದ್ಧೆ. ಮುಂದಿನ ವಾರ ಇನ್ನೈದು. ಒಂದೇ ಅರ್ಥದ ಪದಗಳನ್ನು ಒಟ್ಟಿಗೆ ಹಾಕದಿದ್ದರೆ ಟಿಂಕಮ್ ಹೇಳಿದ ತಳ್ಳಾಟ ಇರುವುದಿಲ್ಲ.

ಚೀಟಿಯಲ್ಲಿ ಏನನ್ನು ಹೊಗಳಬೇಕು ಎಂಬುದನ್ನು ಮೇಷ್ಟ್ರು ಗಟ್ಟಿಯಾಗಿ ಹಿಡಿದು ನಡೆಸಬೇಕು. 1998ರಲ್ಲಿ ಕ್ಲೌಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಜೊತೆ ಮಾಡಿದ ಅಧ್ಯಯನ ಇದಕ್ಕೆ ನೇರ ಸಂಬಂಧಪಟ್ಟದ್ದು. ಆಕೃತಿಗಳ ಒಗಟಿನಂಥ ಲೆಕ್ಕಗಳನ್ನು ಬಿಡಿಸಿದ ಮೇಲೆ ಕೆಲವು ಮಕ್ಕಳಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ನೀನು ಚೆನ್ನಾಗಿ ಶ್ರಮಪಟ್ಟಿದ್ದೀಯ" ಅಂದರು. ಬುದ್ಧಿವಂತ ಅನ್ನಿಸಿಕೊಂಡವರು ಮುಂದೆ ಸುಲಭದ ಲೆಕ್ಕಗಳನ್ನೇ ಜಾಸ್ತಿ ಆರಿಸಿಕೊಂಡರು. ಕಷ್ಟದ ಲೆಕ್ಕ ಬಂದು ಸೋತ ಮೇಲೆ ಬೇಗ ಕೈಬಿಟ್ಟರು, ನಂತರದ ಲೆಕ್ಕಗಳಲ್ಲೂ ಹಿಂದೆ ಬಿದ್ದರು. ಶ್ರಮಕ್ಕೆ ಹೊಗಳಿಸಿಕೊಂಡವರು ಹಿಡಿದ ಕೆಲಸ ಬಿಡಲಿಲ್ಲ. ನಮ್ಮ ಮನೆಗಳಲ್ಲಿ, ತರಗತಿಗಳಲ್ಲಿ ಅತಿ ಹೆಚ್ಚು ಓಡುವ ಮಾತು "ಜಾಣ ಮರಿ" ಅಲ್ವಾ? ಪ್ರೀತಿಯ ಮಾತು ಅದು, ಮನೆಯಲ್ಲಿ ಇರಲಿ. ಚೀಟಿಯಲ್ಲಿ ಮಾತ್ರ ಶ್ರಮ, ಛಲ, ತಾಳ್ಮೆ, ಪಟ್ಟು, ಎಚ್ಚರ, ಸಮಯಪ್ರಜ್ಞೆ ಇಂಥ ಪದಗಳು ಓಡಾಡಲಿ.

ಮೈಬಣ್ಣ, ಜಡೆ, ಎತ್ತರ, ಬಟ್ಟೆ ಚೀಟಿಗೆ ಬರಬಾರದು. ಇದನ್ನು ಮೊದಲ ದಿನವೇ ಹೇಳಿಬಿಡಿ. "ನೀನು ಬೆಳ್ಳಗಿದ್ದೀಯ" ಎಂಬ ಒಂದು ಚೀಟಿ ಓದಿದಾಗ ಪಕ್ಕದಲ್ಲಿ ಕೂತ ಮೂವರು ಮುಖ ಸಪ್ಪಗೆ ಮಾಡುತ್ತಾರೆ. ಹಾಗೇ ಚೀಟಿ ಎತ್ತುವ ಪದ್ಧತಿಯನ್ನು ಬಿಡಬೇಡಿ. "ಯಾರಿಗೆ ಬೇಕಾದರೂ ಬರೆಯಿರಿ" ಅಂದರೆ ಕ್ಲಾಸ್ ಲೀಡರ್‌ಗೆ ಹತ್ತು ಚೀಟಿ, ಹಿಂದಿನ ಬೆಂಚಿನವನಿಗೆ ಸೊನ್ನೆ. ಶನಿವಾರ ಓದುವ ಮೊದಲು ನೀವೊಮ್ಮೆ ಎಲ್ಲ ಚೀಟಿಗಳ ಮೇಲೆ ಕಣ್ಣಾಡಿಸಿ.

ಅರವತ್ತು ಮಕ್ಕಳ ತರಗತಿಯಲ್ಲಿ ಎಲ್ಲ ಚೀಟಿ ಓದಲು ಆಗುವುದಿಲ್ಲ. ಗುಂಪು ಮಾಡಿ, ವಾರಕ್ಕೆ ಒಂದು ಗುಂಪಿನದು ಮಾತ್ರ ಗಟ್ಟಿಯಾಗಿ ಓದಿಸಿ. ಉಳಿದವು ಕೈಯಿಂದ ಕೈಗೆ ಹೋಗಲಿ.

ಬಿನ್ನವತ್ತಳೆ ಬರೆಸುವುದು

ಎಂಟು, ಒಂಬತ್ತು, ಹತ್ತಕ್ಕೆ ಇದೇ ಸರಿ. ಬಿನ್ನವತ್ತಳೆ, ಅಂದರೆ ಸನ್ಮಾನ ಪತ್ರ, ನಮ್ಮ ಮಕ್ಕಳಿಗೆ ಹೊಸದಲ್ಲ. ವಾರ್ಷಿಕೋತ್ಸವದಲ್ಲಿ, ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಸಮಾರಂಭಗಳಲ್ಲಿ ನೋಡಿರುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ಒಬ್ಬರು ಮೈಕಿನ ಮುಂದೆ ನಿಂತು ಕಟ್ಟು ಹಾಕಿಸಿದ ಸನ್ಮಾನ ಪತ್ರ ಓದುತ್ತಾರೆ. ಮೆಚ್ಚುಗೆಯ ಕನ್ನಡ ತನ್ನ ಪೂರ್ತಿ ಉಡುಪಿನಲ್ಲಿ ಕಾಣಿಸುವುದು ಅಲ್ಲೇ. ಪರೀಕ್ಷೆಯ ಅಭಿನಂದನಾ ಪತ್ರಕ್ಕೂ ಇದೇ ತಯಾರಿ.

ನಿಯಮ ಒಂದೇ. ಒಂದು ಮೆಚ್ಚುಗೆಯ ಪದ ಬಂದರೆ ಅದರ ಪಕ್ಕದಲ್ಲೇ ಒಂದು ಸಂಗತಿ ಬರಬೇಕು. ಸಂಗತಿ ಇಲ್ಲದ ಪದವನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕುವುದು.

ಮೊದಲು ಜನ ಮೆಚ್ಚಿದ ದೊಡ್ಡವರನ್ನು ತೆಗೆದುಕೊಳ್ಳಿ, ಜನ ಅವರಿಗೆ ಕೊಟ್ಟ ಹೆಸರುಗಳಿಂದಲೇ ಶುರು ಮಾಡಿ. ಗುಬ್ಬಿ ತಾಲೂಕಿನಲ್ಲಿ ಹುಟ್ಟಿದ ತಿಮ್ಮಕ್ಕನವರನ್ನು ಜನ ಕರೆದದ್ದು 'ಸಾಲುಮರದ' ತಿಮ್ಮಕ್ಕ ಅಂತ. ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಯಲ್ಲಿ 385 ಆಲದ ಮರಗಳನ್ನು ಗಂಡನ ಜೊತೆ ಸೇರಿ ಬೆಳೆಸಿದರು. ಕೊಡದಲ್ಲಿ ನೀರು ಹೊತ್ತು ಹಾಕಿದರು. ದನ ತಿನ್ನದಂತೆ ಮುಳ್ಳು ಕಟ್ಟಿದರು. 2019ರಲ್ಲಿ ಪದ್ಮಶ್ರೀ ಬಂತು. ಆ ಬಿರುದಿನಲ್ಲಿ ಅಮೋಘವೂ ಇಲ್ಲ, ಮಹಾನ್ ಎಂಬುದೂ ಇಲ್ಲ. ಮಾಡಿದ ಕೆಲಸವೇ ಹೆಸರಾಗಿದೆ. ಇಡೀ ಪಾಠದಲ್ಲಿ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಶಿವಕುಮಾರ ಸ್ವಾಮೀಜಿಯವರಿಗೆ ಜನ ಕೊಟ್ಟದ್ದು 'ನಡೆದಾಡುವ ದೇವರು'. ಇಲ್ಲಿ ಬಿರುದಿನಲ್ಲಿ ಭಕ್ತಿ ಇದೆ, ಕಾರಣವನ್ನು ಮಗು ಹುಡುಕಬೇಕು. ಸಿದ್ಧಗಂಗೆಯಲ್ಲಿ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ. 2019ರ ಜನವರಿ 21ರಂದು ತೀರಿಕೊಂಡಾಗ ಅವರಿಗೆ 111 ವರ್ಷ. ದಾಸೋಹ, ನಿಸ್ವಾರ್ಥ, ಕಾಯಕನಿಷ್ಠೆ ಎಂಬ ಪದಗಳನ್ನು ಈ ಸಂಗತಿಗಳ ಪಕ್ಕದಲ್ಲಿಟ್ಟರೆ ತುಮಕೂರಿನ ಮಗುವಿಗೆ ವಿವರಣೆಯೇ ಬೇಕಾಗಿಲ್ಲ. ಎಷ್ಟೋ ಮಕ್ಕಳ ಅಪ್ಪನೋ ಚಿಕ್ಕಪ್ಪನೋ ಆ ಮಠದಲ್ಲೇ ಉಂಡು ಓದಿದವರು.

'ನಾಟಕರತ್ನ' ಗುಬ್ಬಿ ವೀರಣ್ಣನವರ ಬಗ್ಗೆ ಬರೆಸುವಾಗ ವೈಭವ, ಸಾಹಸ, ಕಲಾಪೋಷಕ ಎಂಬ ಪದಗಳು ಬೇಕಾಗುತ್ತವೆ. 1884ರಲ್ಲಿ ಶುರುವಾದ ಕಂಪನಿಯನ್ನು ಅವರು ಎಲ್ಲಿಗೆ ಮುಟ್ಟಿಸಿದರು ಅಂದರೆ, ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದರು. 'ವೈಭವ' ಅಂದರೇನು ಅಂತ ಇನ್ನು ಹೇಳಬೇಕಾ? ತುರುವೇಕೆರೆ ತಾಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀಯವರಿಗೆ 'ಕನ್ನಡದ ಕಣ್ವ' ಎಂಬ ಹೆಸರಿದೆ. ಶಕುಂತಲೆಯನ್ನು ಸಾಕಿ ಬೆಳೆಸಿದ ಕಣ್ವರ ಕಥೆ ಗೊತ್ತಿದ್ದವರಿಗೇ ಆ ಹೊಗಳಿಕೆ ತೆರೆದುಕೊಳ್ಳುವುದು. ಹಾಗಾಗಿ ಅದನ್ನು ಹತ್ತನೇ ತರಗತಿಗೆ ಉಳಿಸಿಕೊಳ್ಳಿ.

ಕೋಲಾರದವರಿಗೆ ಮಾಲೂರು ತಾಲೂಕಿನ ಮಾಸ್ತಿ ಇದ್ದಾರೆ. 'ಮಾಸ್ತಿ ಕನ್ನಡದ ಆಸ್ತಿ' ಎಂಬ ಮಾತಿನ ಪ್ರಾಸ ಮಕ್ಕಳ ಬಾಯಲ್ಲಿ ತಾನಾಗಿ ಕುಣಿಯುತ್ತದೆ. ಜೊತೆಗೆ 1983ರ ಜ್ಞಾನಪೀಠದ ಸಂಗತಿ ಬರಲಿ. ಚಿಕ್ಕಬಳ್ಳಾಪುರದವರಿಗೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಇದ್ದೇ ಇದ್ದಾರೆ. ಅವರ ಬಗ್ಗೆ ಮಕ್ಕಳು "ಮಹಾನ್ ಮೇಧಾವಿ" ಅಂತ ಬರೆದು ನಿಲ್ಲಿಸುತ್ತಾರೆ. ನಿಲ್ಲಿಸಲು ಬಿಡಬೇಡಿ. ನೀರು ಒಂದು ಮಟ್ಟ ದಾಟಿದರೆ ತಾನಾಗಿ ತೆರೆಯುವ ತೂಬಿನ ಬಾಗಿಲುಗಳನ್ನು ಅವರು ರೂಪಿಸಿದರು, 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ಮೊದಲು ಹಾಕಿದರು. ಆ ಒಂದು ಸಾಲು ಬಂದರೆ 'ಮೇಧಾವಿ' ಪದಕ್ಕೆ ಜೀವ ಬರುತ್ತದೆ. ಗೌರಿಬಿದನೂರು ಕಡೆಯ ಶಾಲೆಯಾದರೆ ಹೊಸೂರಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರನ್ನು ಬಿಡಬೇಡಿ. ಸರಳತೆ, ವೈಚಾರಿಕತೆ, ದಿಟ್ಟತನ ಮೂರನ್ನೂ ಒಬ್ಬರಲ್ಲೇ ತೋರಿಸಬಹುದು.

ದೊಡ್ಡವರ ಬಗ್ಗೆ ಬರೆಸುವುದರಲ್ಲಿ ಒಂದು ತೊಂದರೆ ಇದೆ. ಮೊಬೈಲ್‌ನಿಂದ ಇಳಿಸಿಕೊಂಡು ಬರುತ್ತಾರೆ. ಅದಕ್ಕೇ ಎರಡನೇ ಸುತ್ತು ಬೇಕು, ಅದೇ ನಿಜವಾದ ಪರೀಕ್ಷೆ: ಯಾವ ಪತ್ರಿಕೆಯಲ್ಲೂ ಹೆಸರು ಬರದ ಒಬ್ಬರಿಗೆ ಬಿನ್ನವತ್ತಳೆ. ಬಿಸಿಯೂಟದ ಅಕ್ಕ, ಹಳ್ಳಿ ಬಸ್ಸಿನ ಕಂಡಕ್ಟರ್, ಕೆರೆ ಏರಿ ನೋಡಿಕೊಳ್ಳುವ ನೀರುಗಂಟಿ. ತಿಪಟೂರು ಕಡೆಯವರಾದರೆ ಕೊಬ್ಬರಿ ಕೆಲಸದವರು.

ಕೊಬ್ಬರಿಯ ಕೆಲಸವನ್ನೇ ತೆಗೆದುಕೊಂಡು ನೋಡೋಣ. ತೆಂಗಿನಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆಮೇಲೆ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಒಳಗಿನ ಗಿಟುಕಿಗೆ ಪೆಟ್ಟು ಬೀಳದ ಹಾಗೆ ಇಡಿಯಾಗಿ ತೆಗೆಯಬೇಕು. ಒಡೆದ ಗಿಟುಕಿಗೆ ಇಡೀ ಗಿಟುಕಿನ ಬೆಲೆ ಇಲ್ಲ. ಈ ಕೆಲಸ ಮಾಡುವ ದೊಡ್ಡಮ್ಮನ ಬಗ್ಗೆ ಮಗು ಬರೆಯಬೇಕು. ಮೊದಲ ಕರಡು ಹೀಗಿರುತ್ತದೆ:

"ಮಾನ್ಯರೇ, ತಾವು ಅಮೋಘವಾಗಿ ಕೊಬ್ಬರಿ ಸುಲಿಯುತ್ತೀರಿ. ತಮ್ಮ ಕಾರ್ಯ ಶ್ಲಾಘನೀಯ."

ಮೇಷ್ಟ್ರು ಮೂರು ಪ್ರಶ್ನೆ ಕೇಳಬೇಕು. ಕೈ ಏನು ಮಾಡುತ್ತದೆ? ಬೇರೆಯವರಿಗೆ ಯಾಕೆ ಬರುವುದಿಲ್ಲ? ನಿನಗೆ ಇಷ್ಟ ಆಗಿದ್ದು ಯಾವ ಗಳಿಗೆ? ಎರಡನೇ ಕರಡು ಈ ದಾರಿಗೆ ಬರುತ್ತದೆ:

"ದೊಡ್ಡಮ್ಮ, ನೀವು ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಣಗಿದೆಯೋ ಇಲ್ಲವೋ ಹೇಳುತ್ತೀರಿ. ಮಚ್ಚಿನ ಏಟು ಚಿಪ್ಪಿಗೆ ಬೀಳುತ್ತದೆ, ಗಿಟುಕಿಗೆ ತಾಗುವುದಿಲ್ಲ. ಇಂಥ ನಾಜೂಕು ಕೈ ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ. ಸಂಜೆವರೆಗೂ ಕೂತು ಮಾಡಿದರೂ ಕೊನೆಯ ಕಾಯಿಯಲ್ಲೂ ಅದೇ ಎಚ್ಚರ. ನಿಮ್ಮ ತಾಳ್ಮೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ."

ಪದಗಳ ಸಂಖ್ಯೆ ನೋಡಿ. ಮೆಚ್ಚುಗೆಯ ಪದ ನಾಲ್ಕೇ: ನಾಜೂಕು, ಎಚ್ಚರ, ತಾಳ್ಮೆ, ಮನಸಾರೆ ಮೆಚ್ಚುವುದು. ನಾಲ್ಕೂ ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂತಿವೆ.

ಬಿನ್ನವತ್ತಳೆಯ ಪಾಠದಲ್ಲೇ ಸುಳ್ಳು ಹೊಗಳಿಕೆಯ ಪದಗಳನ್ನೂ ಕಲಿಸಿಬಿಡಿ. ಮುಖಸ್ತುತಿ, ಅಟ್ಟಕ್ಕೇರಿಸುವುದು, ಬೆಣ್ಣೆ ಹಚ್ಚುವುದು. ತನ್ನವರು ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸಿದರು ಎಂಬ ಅರ್ಥ ಬರುವ ಬಸವಣ್ಣನವರ ವಚನ ಒಂದಿದೆ, ಅದನ್ನು ಇಲ್ಲಿ ಓದಿಸಲೇಬೇಕು. ಹೊಗಳಿಕೆ ಕೇಳುವವನಿಗೂ ಅಪಾಯ ಇದೆ ಎಂಬುದು ಹದಿನೈದು ವರ್ಷದ ಮಕ್ಕಳಿಗೆ ಚೆನ್ನಾಗಿ ಅರ್ಥ ಆಗುತ್ತದೆ. ಧನ್ಯವಾದ, ಅಭಿನಂದನೆ, ಅಭಿವಂದನೆ ಮೂರನ್ನೂ ಬೆರೆಸುವ ಅಭ್ಯಾಸವನ್ನು ತಿದ್ದಲೂ ಇದೇ ಹೊತ್ತು. ಉಪಕಾರ ಮಾಡಿದವರಿಗೆ ಧನ್ಯವಾದ, ಗೆದ್ದವರಿಗೆ ಅಭಿನಂದನೆ, ಹಿರಿಯರಿಗೆ ಗೌರವದಿಂದ ಅಭಿವಂದನೆ.

ಈ ದಾರಿ ಮೂರು ನಾಲ್ಕು ಪಿರಿಯಡ್ ತಿನ್ನುತ್ತದೆ. ಸಿಲಬಸ್ ಮುಗಿಸುವ ಒತ್ತಡ ಇರುವವರಿಗೆ ಅದು ದುಬಾರಿ ಅನಿಸಬಹುದು. ಪತ್ರಲೇಖನದ ಪಿರಿಯಡ್‌ಗಳನ್ನು ಇದಕ್ಕೇ ಬಳಸಿದರೆ ಹೊರೆ ಕಡಿಮೆ ಆಗುತ್ತದೆ.

ನಾಟಕ ಆಡಿಸುವುದನ್ನು ಬೇರೆ ದಾರಿಯಾಗಿ ಲೆಕ್ಕ ಹಾಕಿಲ್ಲ. ಭಲೇ, ಭಳಿರೇ, ಭಾಪುರೇ ಎಂಬ ಉದ್ಗಾರಗಳನ್ನು ಕಲಿಸಲು ಮೂಡಲಪಾಯ ಯಕ್ಷಗಾನದ ಒಡ್ಡೋಲಗದ ತುಣುಕೊಂದನ್ನು ಆಡಿಸಿದರೆ ತರಗತಿ ಎದ್ದು ಕುಣಿಯುತ್ತದೆ, ನಾಚಿಕೆಯ ಮಕ್ಕಳ ಗಂಟಲು ಬಿಡುತ್ತದೆ. ಪದ ಕಲಿಸುವ ಕೆಲಸ ಅದರಿಂದ ಸ್ವಲ್ಪವೇ ಆಗುವುದು. ಇಂಥದ್ದು ಪದಗಳಿಗಿಂತ ದನಿಯ ಪಾಠ.

ಯಾರಿಗೆ ಯಾವುದು

ಒಬ್ಬರೇ ಮೇಷ್ಟ್ರು, ನಾಲ್ಕೈದು ತರಗತಿ ಒಂದೇ ಕೋಣೆಯಲ್ಲಿ ಇದ್ದರೆ ಚೀಟಿಯನ್ನು ಬಾಯಿಮಾತಿನಲ್ಲಿ ಮಾಡಿ. ಚಿಕ್ಕವರು ಹೇಳಲಿ, ದೊಡ್ಡವರು ಬರೆಯಲಿ. ಮನೆಮಾತು ತೆಲುಗು, ಉರ್ದು ಇರುವ ಕಡೆ ಮನೆಯ ಸಂಗ್ರಹದಿಂದ ಶುರು ಮಾಡಿ, ಎರಡು ವಾರದ ಮೇಲೆ ಚೀಟಿಗೆ ಬನ್ನಿ. ತುಮಕೂರು ಪೇಟೆಯ ದೊಡ್ಡ ಶಾಲೆಗಳಲ್ಲಿ ಸೂಪರ್, ಆಸಮ್ ಬಿಟ್ಟು ಬೇರೆ ಬಾರದ ಮಕ್ಕಳಿದ್ದರೆ ಮೊದಲು ಮೆಟ್ಟಿಲು, ಆಮೇಲೆ ಚೀಟಿ. ಹತ್ತನೇ ತರಗತಿಗೆ ಜನವರಿಯಲ್ಲಿ ಬಂದು ಕೇಳಿದರೆ ಸಮಯ ಇಲ್ಲ, ಹೆಸರಾಂತವರ ಸುತ್ತನ್ನು ಬಿಟ್ಟು ನೇರ ಪರಿಚಿತರೊಬ್ಬರ ಬಿನ್ನವತ್ತಳೆ ಬರೆಸಿ, ಕೊನೆಗೆ ಒಂದು ಪುಟದ ಪಟ್ಟಿ ಕೊಡಿ. ಎಲ್ಲ ದಾರಿಗಳನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದನ್ನು ಎರಡು ತಿಂಗಳು ಬಿಡದೆ ನಡೆಸುವುದು ಐದನ್ನು ಒಂದೊಂದು ವಾರ ಮುಟ್ಟುವುದಕ್ಕಿಂತ ಎಷ್ಟೋ ಮೇಲು.

ಕಲಿತರೋ ಇಲ್ಲವೋ ನೋಡಲು ಅರ್ಥ ಬರೆಯಿರಿ ಎಂಬ ಪ್ರಶ್ನೆ ಕೊಡಬೇಡಿ. ಒಂದು ಸಂಗತಿ ಕೊಟ್ಟು ಪದ ಕೇಳಿ: "ಮಳೆಯಲ್ಲಿ ನೆನೆಯುತ್ತಾ ಬಂದ ಪೋಸ್ಟ್‌ಮ್ಯಾನ್ ಚೀಲದ ಒಂದು ಕಾಗದವೂ ಒದ್ದೆಯಾಗದಂತೆ ತಂದುಕೊಟ್ಟರು. ಅವರನ್ನು ಹೇಗೆ ಮೆಚ್ಚುವೆ?" ಕರ್ತವ್ಯನಿಷ್ಠೆ, ಎಚ್ಚರ, ಜವಾಬ್ದಾರಿ, ಯಾವುದು ಬಂದರೂ ಮಾರ್ಕ್ಸ್ ಕೊಡಿ. ಅಮೋಘ ಬಂದರೆ "ಯಾಕೆ?" ಅಂತ ಪಕ್ಕದಲ್ಲಿ ಬರೆದು ವಾಪಸ್ ಕೊಡಿ.

ಡಿಸೆಂಬರ್ ಹೊತ್ತಿಗೆ ವಾರ್ಷಿಕೋತ್ಸವದ ತಯಾರಿ ಶುರುವಾಗುತ್ತದೆ. ದಾನಿಗಳಿಗೆ, ನಿವೃತ್ತರಾಗುವ ಶಿಕ್ಷಕರಿಗೆ ಸನ್ಮಾನ ಪತ್ರ ಬೇಕಾಗುತ್ತದೆ. ಹಳೆಯ ಪತ್ರದಲ್ಲಿ ಹೆಸರು ಬದಲಾಯಿಸಿ ಕೊಡುವ ಬದಲು, ಒಂಬತ್ತನೇ ತರಗತಿಯ ನಾಲ್ಕು ಮಕ್ಕಳನ್ನು ಆ ವ್ಯಕ್ತಿಯ ಹತ್ತಿರ ಅರ್ಧ ಗಂಟೆ ಮಾತಾಡಲು ಕಳಿಸಿ, ಅವರಿಂದಲೇ ಬರೆಸಿ. ಪ್ರಿಂಟಿಂಗ್ ಪ್ರೆಸ್‌ಗೆ ಕೊಡುವ ಮುಂಚೆ ಕಾಗುಣಿತವನ್ನು ಮಾತ್ರ ನೀವೊಮ್ಮೆ ನೋಡಿ.